ಶೀತ ತಗುಲಿದ ಪವರ್ ಸಪ್ಲೈ

ಗುಂಡ್ಲುಪೇಟೆಯಲ್ಲಿ ನಮ್ಮಕ್ಕನ ಮನೆಯ ತಾರಸಿ ಮೇಲೆ ಬೆಳಗಿನ ಹೊತ್ತು ಒಂದು ಹಳೆಯ ಪಂಚೆ ಹಾಸಿರುತ್ತಿತ್ತು. ಪಂಚೆಯ ತುಂಬ ಮೆಣಸಿನಕಾಯಿ. ಒಂದು ಮೂಲೆಯಲ್ಲಿ ಮಾತ್ರ ಮೆಣಸಿನಕಾಯಿಯನ್ನು ಆಚೆ ಸರಿಸಿ ಅಲ್ಲೊಂದು ತಗಡಿನ ಡಬ್ಬ ಇಟ್ಟಿರುತ್ತಿದ್ದಳು. ಡಬ್ಬದ ಬೆನ್ನಿಗೆ ಜಾಲರಿ, ಜಾಲರಿಯೊಳಗೆ ಪುಟ್ಟದೊಂದು ಫ್ಯಾನು, ಪಕ್ಕದಿಂದ ಇಳಿಬಿದ್ದ ಕೆಂಪು ಹಳದಿ ಕಪ್ಪು ವಯರುಗಳ ಜಡೆ. ಮೊದಲ ಸಲ ನೋಡಿದಾಗ, ಭಾವ ಹೋದ ಮೇಲೆ ಒಬ್ಬಳೇ ಇದ್ದು ಇದ್ದು ಇವಳಿಗೆ ಏನೋ ಆಗಿದೆ ಎಂದುಕೊಂಡೆ. ಕಂಪ್ಯೂಟರಿನ ಪವರ್ ಸಪ್ಲೈಯನ್ನು ಹಪ್ಪಳದ ಹಾಗೆ ಬಿಸಿಲಿಗೆ ಹಾಕಿದವರನ್ನು ಕಂಡರೆ ನೀವೂ ಹಾಗೇ ಅಂದುಕೊಳ್ಳುತ್ತಿದ್ದಿರಿ.

"ಅದಕ್ಕೆ ಶೀತ ಆಗ್ಬುಟ್ಟದೆ ಕಣಪ್ಪ," ಎಂದಳು ಅಕ್ಕ. ಎಂದವಳೇ ಅದನ್ನು ಮಗ್ಗುಲು ತಿರುಗಿಸಿ ಇಟ್ಟಳು, ಇನ್ನೊಂದು ಕಡೆಗೂ ಬಿಸಿಲು ತಾಗಲಿ ಎಂದು.

ನಾನು ಚಾಮರಾಜನಗರದಲ್ಲಿ ಕಾಲೇಜು ಮಕ್ಕಳಿಗೆ ಚರಿತ್ರೆ ಪಾಠ ಹೇಳುವವನು. ಮೈಸೂರಿನಲ್ಲಿ ಎಂ.ಎ. ಓದುವಾಗ ದಿನಚರಿ ಬರೆಯುವ ಚಟ ಅಂಟಿಕೊಂಡಿತು, ಇನ್ನೂ ಬಿಟ್ಟಿಲ್ಲ. ದಿನಚರಿ ಬರೆಯುವವನಿಗೆ ನೆನಪು ಗಟ್ಟಿಯಾಗಿರುತ್ತದೆ ಎಂದು ಜನ ತಿಳಿಯುತ್ತಾರೆ. ನನ್ನ ಅನುಭವ ಬೇರೆ. ಬರೆದದ್ದು ಒಂದಿರುತ್ತದೆ, ನೆನಪಿರುವುದು ಇನ್ನೊಂದು, ಜೊತೆಗಿದ್ದವರು ಹೇಳುವುದು ಮತ್ತೊಂದು. ಮೂರನ್ನೂ ಎದುರಿಗಿಟ್ಟುಕೊಂಡು ಕೂತರೆ ನಾನು ಅಲ್ಲಿದ್ದೆನೇ ಎಂಬುದೇ ಅನುಮಾನವಾಗುತ್ತದೆ. ಈ ಕಂಪ್ಯೂಟರ್ ಗುಂಡ್ಲುಪೇಟೆಗೆ ಬಂದ ದಿನವನ್ನೇ ತೆಗೆದುಕೊಳ್ಳಿ. ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಮೈಸೂರಿನಿಂದ ಬಸ್ಸಿನಲ್ಲಿ ಭಾವನ ಪಕ್ಕ ಕೂತು ಬಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನಂಜನಗೂಡು ದಾಟುವ ಹೊತ್ತಿಗೆ ಕಾಲು ಮರಗಟ್ಟಿದ್ದು ಕೂಡ. ಅಕ್ಕ ನಗುತ್ತಾಳೆ. "ನೀನೆಲ್ಲಿ ಬಂದಿದ್ಯೋ? ನಿನಗವತ್ತು ಪರೀಕ್ಷೆ. ಮಾನಿಟರ್ ಇಟ್ಕೊಂಡು ಬಂದವಳು ನಾನು." ಹಾಗಾದರೆ ಮರಗಟ್ಟಿದ್ದು ಯಾರ ಕಾಲು? ಆದ್ದರಿಂದ ಮುಂದೆ ನಾನು ಹೇಳುವುದರಲ್ಲೂ ನಿಮಗೆ ತೋಚಿದಷ್ಟನ್ನು ಕಳೆದು ಓದಿಕೊಳ್ಳಿ.

ಭಾವ ಕಂಪ್ಯೂಟರ್ ಜಾತಕದ ಅಂಗಡಿ ಇಟ್ಟಿದ್ದರು. ಕಂಪ್ಯೂಟರ್ ಎಂಬ ಹೆಸರಿಗೇ ಜನ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಕಾಲ ಅದು. ಹೆಸರು, ಊರು, ಹುಟ್ಟಿದ ದಿನ, ಹೊತ್ತು ಹೇಳಿದರೆ ಸಾಕು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಿರ್ರೆಂದು ಅರಚಿಕೊಂಡು ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದದ ಮೇಲೆ ಕುಂಡಲಿ ಹೊಡೆದುಕೊಡುತ್ತಿತ್ತು. ಅಕ್ಕ ನಾಲ್ಕು ಮೂಲೆಗೆ ಅರಿಸಿನ ಹಚ್ಚಿ ಮಡಚಿಕೊಡುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಎರಡು ಕೆಲಸವೂ ಅವಳದೇ ಆಯಿತು. ಈಗ ಜಾತಕ ಫೋನಿನಲ್ಲೇ ಸಿಗುತ್ತದೆ, ನಿಜ. ಆದರೆ ಮಗು ಹುಟ್ಟಿದ ಮನೆಯವರು ಫೋನನ್ನು ದೇವರ ಮುಂದೆ ಇಟ್ಟು ಪೂಜೆ ಮಾಡಲಾರರು. ಅರಿಸಿನ ಹಚ್ಚಿದ ಕಾಗದವೇ ಬೇಕು. ಘಟ್ಟದಾಚೆಯ ಮಲಯಾಳಿಗಳೂ ಬರುತ್ತಿದ್ದರು, ಸತ್ಯಮಂಗಲದ ದಾರಿಯ ಕಾಡಂಚಿನ ಪುಣಜನೂರಿನಿಂದಲೂ ಬರುತ್ತಿದ್ದರು.

ಬೇರೆ ಕಂಪ್ಯೂಟರ್ ಕೊಂಡುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುವುದು ನ್ಯಾಯವೇ. ಆ ಜಾತಕದ ಪ್ರೋಗ್ರಾಮಿಗೆ ಒಂದು ಬೀಗವಿತ್ತು. ಯಂತ್ರದ ಬೆನ್ನಿಗೆ ಚುಚ್ಚಿದ, ಹೆಬ್ಬೆರಳಿನಷ್ಟು ದಪ್ಪದ ಬೀಗ. ಅದು ಆ ಕಾಲದ ಯಂತ್ರದಲ್ಲಲ್ಲದೆ ಬೇರೆಲ್ಲೂ ಕೂರುವುದಿಲ್ಲ, ಅದು ಕೂರದೆ ಪ್ರೋಗ್ರಾಮು ಓಡುವುದಿಲ್ಲ. ಬರೆದವನು ಯಾರೋ, ಎಲ್ಲಿದ್ದಾನೋ, ತಿಳಿಯದು. ಹೀಗಾಗಿ ಅಕ್ಕನ ಅಂಗಡಿ ಆ ಒಂದು ಯಂತ್ರದ ಮೇಲೆ ನಿಂತಿತ್ತು. ಯಂತ್ರ ಆ ತಗಡಿನ ಡಬ್ಬದ ಮೇಲೆ ನಿಂತಿತ್ತು. ಅಂಥದ್ದೇ ಇನ್ನೊಂದು ಡಬ್ಬ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ.

ಡಬ್ಬಕ್ಕೆ ಶೀತವಾದದ್ದನ್ನು ಕಂಡುಹಿಡಿದವನು ಪಕ್ಕದ ಅಂಗಡಿಯ ಸಾದಿಕ್. ಅವನದು ಟಿವಿ, ಮಿಕ್ಸಿ, ಮೊಬೈಲು, ಒಟ್ಟಿನಲ್ಲಿ ವಯರಿರುವ ಎಲ್ಲದರ ರಿಪೇರಿ. ಅವನ ಭಾಷೆಯಲ್ಲಿ ಪವರ್ ಸಪ್ಲೈ ಅಂದರೆ ಎಸ್ಸೆಂಪಿಎಸ್. ಗುಂಡ್ಲುಪೇಟೆಯಲ್ಲಿ ಚಳಿಗಾಲದ ಬೆಳಗು ಹೇಗಿರುತ್ತದೆಂದರೆ ಗೋಪಾಲಸ್ವಾಮಿ ಬೆಟ್ಟದ ಮಂಜು ಬಸ್ ನಿಲ್ದಾಣದವರೆಗೂ ಇಳಿದು ಬಂದು ಟೀ ಕುಡಿಯುವವರ ನಡುವೆ ನಿಂತಿರುತ್ತದೆ. ಅಂಥ ಬೆಳಗಿನಲ್ಲಿ ಯಂತ್ರ ಹತ್ತಿಕೊಳ್ಳುತ್ತಿರಲಿಲ್ಲ. ಬಿಸಿಲೇರಿದ ಮೇಲೆ ತಾನಾಗಿ ಹತ್ತಿಕೊಳ್ಳುತ್ತಿತ್ತು. ಸಾದಿಕ್ ಒಂದು ದಿನ ಬೇಸರದಿಂದ, "ಬಿಸಿಲಿಗಾದ್ರೂ ಇಟ್ಟು ನೋಡಿ ಅಕ್ಕಾ," ಎಂದ. ಅವನು ತಮಾಷೆಗೆ ಅಂದದ್ದಂತೆ. ಅಕ್ಕ ಇಟ್ಟಳು. ಹತ್ತಿಕೊಂಡಿತು. ಅವತ್ತಿನಿಂದ ಕಂಪ್ಯೂಟರಿನ ಮುಚ್ಚಳ ತೆಗೆದೇ ಇತ್ತು. ಪಿನ್ನುಗಳನ್ನು ಎಳೆದು ಡಬ್ಬವನ್ನು ತಾರಸಿಗೆ ಒಯ್ಯುವುದು, ಬೆಚ್ಚಗಾದ ಮೇಲೆ ಟವಲಿನಲ್ಲಿ ಸುತ್ತಿ ಕೂಸಿನ ಹಾಗೆ ಕೆಳಗೆ ತರುವುದು. ಮೋಡವಿದ್ದ ದಿನ ಬಿಸಿನೀರಿನ ಚೀಲ.

ಇದಕ್ಕೆ ಕಾರಣ ಉಂಟು. ನಾನು ಆಮೇಲೆ ಓದಿಕೊಂಡೆ. ಒಳಗೆ ಕೆಪಾಸಿಟರ್ ಎಂಬ ಪುಟ್ಟ ಪುಟ್ಟ ಡಬ್ಬಿಗಳಿರುತ್ತವೆ, ಅವುಗಳಲ್ಲಿ ಒಂದು ಬಗೆಯ ದ್ರವ. ವಯಸ್ಸಾದಂತೆ ದ್ರವ ಒಣಗುತ್ತದೆ. ಉಳಿದ ಚೂರುಪಾರು ತಣ್ಣಗಿದ್ದಾಗ ಕೆಲಸ ಮಾಡುವುದಿಲ್ಲ, ಬೆಚ್ಚಗಾದರೆ ಒಂದಿಷ್ಟು ಮಾಡುತ್ತದೆ. ಆದರೆ ಆ ಬಿಸಿಯೇ ಇರುವುದನ್ನೂ ಒಣಗಿಸುತ್ತದೆ. ಎಬ್ಬಿಸುವುದೂ ಅದೇ, ಮುಗಿಸುವುದೂ ಅದೇ. ಇದನ್ನು ಓದಿದ ದಿನ ನಾನು ಊಟ ಮಾಡದೆ ಮಲಗಿದೆ. ಅದಕ್ಕೆ ಕಾರಣ ಪವರ್ ಸಪ್ಲೈ ಅಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಶೀತ ಎಂದ ಮೇಲೆ ನಮ್ಮ ಮನೆಗಳಲ್ಲಿ ಪಥ್ಯ ಶುರುವಾಗಲೇಬೇಕು. ಜಗತ್ತಿನ ಸಮಸ್ತವನ್ನೂ ಶೀತ ಉಷ್ಣ ಎಂದು ಎರಡು ಪಾಲು ಮಾಡಿಟ್ಟವರು ನಾವು. ಪರಂಗಿ ಉಷ್ಣ, ಸೌತೆ ಶೀತ. ಎಳ್ಳು ಉಷ್ಣ, ಮಜ್ಜಿಗೆ ಶೀತ. ಹುಣ್ಣಾದರೆ ಉಷ್ಣ, ಕೆಮ್ಮಾದರೆ ಶೀತ. ವಿಶ್ವವಿದ್ಯಾಲಯದ ಓದಿನಿಂದ ನನ್ನ ಅನೇಕ ನಂಬಿಕೆಗಳು ಉದುರಿದವು, ಆದರೆ ಇದು ಮಾತ್ರ ಉದುರಲಿಲ್ಲ. ಇವತ್ತಿಗೂ ರಾತ್ರಿ ಬಾಳೆಹಣ್ಣು ತಿಂದರೆ ಬೆಳಗ್ಗೆ ಗಂಟಲು ಮುಟ್ಟಿ ನೋಡಿಕೊಳ್ಳುತ್ತೇನೆ. ಶೀತವಾದವರ ಕೋಣೆಯಲ್ಲಿ ನಾವು ಮೊದಲು ಮಾಡುವ ಕೆಲಸ ಯಾವುದು? ಫ್ಯಾನು ಆರಿಸುವುದು. ಅಕ್ಕನೂ ಅದನ್ನೇ ಯೋಚಿಸಿದಳು. ಶೀತವಾದ ಡಬ್ಬದೊಳಗೇ ಒಂದು ಫ್ಯಾನು ಕೂತು ದಿನವಿಡೀ ಗಾಳಿ ಬೀಸುತ್ತಿದ್ದರೆ ವಾಸಿಯಾಗುವುದು ಹೇಗೆ?

"ಅದರ ವಯರ್ ಕಿತ್ತಾಕ್ಬುಡು ಸಾದಿಕ್."

"ಕಿತ್ತಾಕಿದ್ರೆ ಕಾಯ್ತದೆ ಅಕ್ಕಾ."

"ಕಾಯ್ಲಿ ಅಂತಾನೆ ತಾನೆ ಬಿಸ್ಲಲ್ಲಿ ಇಡದು?"

ಸಾದಿಕ್ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಆ ಫ್ಯಾನಿನ ಸದ್ದು ಅವನಿಗೂ ಸಾಕಾಗಿತ್ತು. ತಿರುಗುವ ಅಚ್ಚಿನ ಹಳೆಯ ಬುಷ್ ಸವೆದು ಅದು ಗೊರಕೆಗೂ ರೈಸ್ ಮಿಲ್ಲಿಗೂ ನಡುವಿನ ಒಂದು ಸದ್ದು ಮಾಡುತ್ತಿತ್ತು. "ಅಕ್ಕನ ಮಾತಲ್ಲೂ ಪಾಯಿಂಟ್ ಅದೆ ಸಾರ್," ಎಂದು ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ ಎಂದು ನನ್ನ ನೆನಪು. ತಲೆಯಾಡಿಸಿದೆ ಎಂದು ಅಕ್ಕನ ನೆನಪು. "ಫ್ಯಾನು ಶತ್ರು ಇದ್ದಂಗೆ ಅಂತ ಇಂಗ್ಲಿಷಲ್ಲಿ ಬೇರೆ ಏನೋ ಅಂದ್ರಿ" ಎಂದು ಸಾದಿಕನ ನೆನಪು. ಅಂತೂ ಅವತ್ತು ವಯರಿನ ಜೊತೆ ಫ್ಯಾನೇ ಕಿತ್ತು ಬಂತು.

ಫ್ಯಾನಿನ ಬಗ್ಗೆ ನಮಗೆಲ್ಲ ಒಂದು ತಪ್ಪು ತಿಳಿವಳಿಕೆ ಇದೆ. ಅದು ತಂಪು ಕೊಡುತ್ತದೆ ಎಂದು. ಅದರ ಹತ್ತಿರ ಕೊಡಲು ಏನೂ ಇಲ್ಲ. ಇದ್ದ ಬಿಸಿಯನ್ನು ಹೊರಕ್ಕೆ ಹೊತ್ತು ಹಾಕುವುದಷ್ಟೇ ಅದರ ಕೆಲಸ. ಮನೆಯಲ್ಲಿ ದಿನವೂ ಕಸ ಹೊರಹಾಕುವವರನ್ನು ಯಾರೂ ಹೊಗಳುವುದಿಲ್ಲ, ಒಂದು ದಿನ ಅವರು ಮಲಗಿದಾಗಲೇ ಮನೆ ನಾರುತ್ತದೆ. ಪವರ್ ಸಪ್ಲೈ ಕೂಡ ಹಾಗೇ, ಹೆಸರು ಕೇಳಿದರೆ ಏನೋ ದಾನಶೂರನ ಹಾಗಿದೆ. ಅದು ತನ್ನದೆಂದು ಏನನ್ನೂ ಕೊಡುವುದಿಲ್ಲ. ಬೀದಿಯ ಕಂಬದಿಂದ ಬರುವ ಒರಟು ಕರೆಂಟನ್ನು ತನ್ನ ಮೈಮೇಲೆ ಹಾಕಿಕೊಂಡು, ಒಳಗಿನ ಸೂಕ್ಷ್ಮ ಭಾಗಗಳು ತಾಳುವಷ್ಟು ಚಿಕ್ಕದಾಗಿ, ಸಮನಾಗಿ ಮಾಡಿ ಒಳಕ್ಕೆ ದಾಟಿಸುತ್ತದೆ. ಹಾಗೆ ಪಳಗಿಸುವಾಗ ಹುಟ್ಟುವ ಬಿಸಿ ಮಾತ್ರ ಅದರ ಸ್ವಂತದ್ದು.

ನಮ್ಮ ಹರದನಹಳ್ಳಿಯ ಮನೆಯಲ್ಲಿ ಅಪ್ಪನ ಕೋಪ ಬೀದಿಯ ಕರೆಂಟಿನ ಹಾಗೆ ಇತ್ತು. ಯಾವಾಗ ಎಷ್ಟು ಬರುತ್ತದೆಂದು ಹೇಳಲಾಗುತ್ತಿರಲಿಲ್ಲ. ಅಮ್ಮ ನನಗೆ ತಿಳಿವಳಿಕೆ ಬರುವ ಮೊದಲೇ ಹೋದಳು. ಅಕ್ಕ ನನಗಿಂತ ಬಹಳ ದೊಡ್ಡವಳು. ಅಪ್ಪ ಜಗಲಿಯಲ್ಲಿ ಏನೇನು ಕೂಗಾಡಿದರೂ ಅದು ನನ್ನ ತನಕ ಬರುವಷ್ಟರಲ್ಲಿ "ಅಪ್ಪ ಓದ್ಕೋ ಅಂದ್ರು ಕಣ್ಲಾ" ಎಂದಷ್ಟೇ ಆಗಿರುತ್ತಿತ್ತು. ನಡುವೆ ಅವಳು ನಿಂತಿರುತ್ತಿದ್ದಳು. ಆ ಬಿಸಿ ಅವಳ ಮೈಯಿಂದ ಹೊರಗೆ ಹೋಗಲು ಯಾವ ಜಾಲರಿ ಇತ್ತು ಎಂದು ನಾನು ಎಂದೂ ಕೇಳಲಿಲ್ಲ. ಮಕ್ಕಳು ಅಂಥದ್ದನ್ನು ಕೇಳುವುದಿಲ್ಲ. ಲೆಕ್ಚರರ್ ಆದ ಮೇಲೂ ಕೇಳುವುದಿಲ್ಲ.

ಫ್ಯಾನು ಕಿತ್ತ ಮೇಲಿನ ಮೊದಲ ಭಾನುವಾರ ನಾನು ಗುಂಡ್ಲುಪೇಟೆಗೆ ಹೋದೆ. ಅಂಗಡಿ ನಿಶ್ಶಬ್ದವಾಗಿತ್ತು. ಕಂಪ್ಯೂಟರ್ ಹತ್ತಿಕೊಂಡಿದೆ, ಪರದೆ ಬೆಳಗುತ್ತಿದೆ, ಗೊರಕೆಯಿಲ್ಲ. ಅಕ್ಕ ಗೆದ್ದವಳ ಹಾಗೆ ಕೂತಿದ್ದಳು. ಸಾದಿಕ್ ಟೀ ತಂದ. ಮೂವರೂ ಟೀ ಕುಡಿಯುತ್ತ ಆ ನಿಶ್ಶಬ್ದವನ್ನು ಮೆಚ್ಚಿಕೊಳ್ಳುತ್ತಿರುವಾಗ ಎಲ್ಲಿಂದಲೋ ಒಂದು ಸಣ್ಣ ಸದ್ದು ಕೇಳಿತು. ಒಣಗಿದ ತೆಂಗಿನ ಗರಿಯ ಮೇಲೆ ಯಾರೋ ಮೆಲ್ಲಗೆ ಕಾಲಿಟ್ಟ ಹಾಗೆ. ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ.

ಸಾದಿಕ್ ಲೋಟ ಕೆಳಗಿಟ್ಟ. "ಹಾರ್ಡ್ ಡಿಸ್ಕ್ ಹೋಯ್ತಾ ಅದೆ ಅಂತ ಕಾಣ್ತದೆ ಅಕ್ಕಾ."

ಅಕ್ಕ ಗಾಬರಿಯಾದಳು. ಮೂವರೂ ಎದ್ದು ಯಂತ್ರದ ಹತ್ತಿರ ಬಗ್ಗಿದೆವು. ಸಾದಿಕ್ ಕಿವಿಯನ್ನು ಡಬ್ಬಕ್ಕೆ ತಾಗಿಸಿದ. ಅಕ್ಕನೂ ಉಸಿರು ಬಿಗಿಹಿಡಿದು ಆಲಿಸಿದಳು. ಸದ್ದು ನಿಂತುಹೋಯಿತು.

"ನಿಲ್ತು," ಎಂದ ಸಾದಿಕ್.

ಅಕ್ಕ ಸಮಾಧಾನದಿಂದ ಉಸಿರು ಬಿಟ್ಟಳು. ಗರಿಯ ಮೇಲೆ ಮತ್ತೆ ಕಾಲಿಟ್ಟ ಹಾಗಾಯಿತು.

ಸಾದಿಕ್ ಬಗ್ಗಿದ್ದವನು ಬಗ್ಗಿಕೊಂಡೇ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಅಕ್ಕ ನಮ್ಮಿಬ್ಬರನ್ನೂ ನೋಡಿ, ಸೆರಗನ್ನು ಎದೆಯ ಮೇಲೆ ಸರಿಮಾಡಿಕೊಂಡು, "ಟೀ ಆರೋಯ್ತದೆ ಕುಡೀರ್ಲಾ," ಎಂದಳು. ಅವಳಿಗೆ ಗೊತ್ತಿತ್ತು. ಕಾಯಿಲೆ ಎಷ್ಟು ದಿನದಿಂದ ಗೊತ್ತಿತ್ತೋ, ಸದ್ದು ಹೊರಗೆ ಕೇಳುತ್ತದೆಂದು ಮಾತ್ರ ಅವತ್ತೇ ತಿಳಿದದ್ದಿರಬೇಕು. ಅಷ್ಟು ದಿನವೂ ಆ ಹಾಳು ಫ್ಯಾನು ಅವಳ ಎದೆಯ ಸದ್ದನ್ನು ತನ್ನ ಸದ್ದಿನಿಂದ ಮುಚ್ಚಿಟ್ಟಿತ್ತು.

ಮೈಸೂರಿನಲ್ಲಿ ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ಡಾಕ್ಟರಮ್ಮ ಅಕ್ಕನ ಎದೆಯ ಚಿತ್ರಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಮೆತ್ತಗಿರಬೇಕಾದದ್ದು ಒಣಗಿ ಬಿರುಸಾಗುತ್ತದೆ. ಆದದ್ದನ್ನು ಹಿಂದಕ್ಕೆ ತರಲು ಬರುವುದಿಲ್ಲ, ಮಾತ್ರೆ ಕೊಟ್ಟು ನಿಧಾನ ಮಾಡಬಹುದು, ಮನೆಯಲ್ಲೇ ಆಕ್ಸಿಜನ್ ಯಂತ್ರ ಇಟ್ಟುಕೊಳ್ಳಬೇಕು. ಜೊತೆಗೆ ಯಾರಾದರೂ ಇದ್ದರೆ ಒಳ್ಳೆಯದು. ಕೆಪಾಸಿಟರುಗಳ ವಿಷಯ ಓದಿ ಊಟ ಬಿಟ್ಟೆ ಎಂದೆನಲ್ಲ, ಅದು ಆ ವಾರದಲ್ಲೇ. ಈ ಹೋಲಿಕೆಯನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಅದಾಗಿಯೇ ಬಂದು ಎದುರಿಗೆ ಕೂತಿತು. ಆಮೇಲೆ ಎದ್ದು ಹೋಗು ಎಂದರೆ ಹೋಗಲಿಲ್ಲ.

ಅಕ್ಕನಿಗೆ ಮಕ್ಕಳಿಲ್ಲ. ನಮ್ಮ ಮನೆಗೆ ಬಾ ಎಂದೆ. ನನ್ನ ಹೆಂಡತಿ ಸಂತೆಮರಹಳ್ಳಿಯಲ್ಲಿ ಟೀಚರ್, ಸಂಜೆ ಬಸ್ಸಿಗೆ ಬರುತ್ತಾಳೆ. ಅವಳೂ ಬಾ ಎಂದಳು. ಅಕ್ಕ ಒಂದು ಷರತ್ತು ಹಾಕಿದಳು.

"ಮಿಷನ್ ಹತ್ಕೊಳ್ಳೋ ಗಂಟ ಇಲ್ಲೇ ಇರ್ತೀನಿ. ಅದು ನಿಂತ್ ದಿನ ಬತ್ತೀನಿ. ಬೇಕಾದ್ರೆ ಆಣೆ ಮಾಡ್ಸ್ಕೊ."

ಅದಾದ ಮೇಲೆ ಅವಳು ಮಾಡಿದ ಮೊದಲ ಕೆಲಸ, ಸಾದಿಕನನ್ನು ಕರೆದು ಡಬ್ಬಕ್ಕೆ ಫ್ಯಾನು ಹಾಕಿಸಿದ್ದು. ಹಳೆಯದು ಸಿಗದೆ ಅವನು ಯಾವುದೋ ಗುಜರಿ ಯಂತ್ರದ ಫ್ಯಾನು ತಂದು ಕೂರಿಸಿದ. ತಿರುಗಿಸಿ ನೋಡಿ ಅವನೇ ಮುಖ ಕಿವಿಚಿದ. "ಲಾರಿ ಇದ್ದಂಗೆ ಅದಲ್ಲ ಅಕ್ಕಾ, ಬೇರೆ ತತ್ತೀನಿ." ಅಕ್ಕ, "ಇರ್ಲಿ ಬುಡು, ಸದ್ದಿರ್ಲಿ," ಎಂದಳು. ಬಂದ ಗಿರಾಕಿಗಳು ಕೂಗಿ ಮಾತಾಡಬೇಕಾಗುತ್ತಿತ್ತು. ಅವಳಿಗೆ ಬೇಕಾದದ್ದೂ ಅದೇ.

ನಾನು ದಿನಾ ಬೆಳಗ್ಗೆ ಫೋನು ಮಾಡುತ್ತಿದ್ದೆ. ಹೇಗಿದ್ದೀಯಾ ಎಂದು ಕೇಳುವ ಬದಲು "ಹತ್ತಿಕೊಳ್ತಾ?" ಎಂದು ಕೇಳುತ್ತಿದ್ದೆ. ಹತ್ತಿಕೊಂಡಿತು ಎಂದರೆ ಅವಳು ಇನ್ನೊಂದು ದಿನ ಒಬ್ಬಳೇ ಇರುತ್ತಾಳೆ, ಏಣಿ ಹತ್ತಿ ತಾರಸಿಗೆ ಹೋಗುತ್ತಾಳೆ, ಆಕ್ಸಿಜನ್ ಯಂತ್ರದ ಪೈಪನ್ನು ಮೂಗಿನಿಂದ ತೆಗೆದು ಇಡುತ್ತಾಳೆ. ಹತ್ತಿಕೊಳ್ಳಲಿಲ್ಲ ಎಂದರೆ ಅವಳದು ಎನ್ನುವ ಬದುಕು ಮುಗಿಯಿತು. ಎರಡರಲ್ಲಿ ನಾನು ಯಾವುದನ್ನು ಬಯಸುತ್ತಿದ್ದೆನೆಂದು ನನ್ನ ದನಿಯೇ ಹೇಳುತ್ತಿತ್ತೇನೋ.

"ಹತ್ಕೊಂತು ಕಣಪ್ಪ," ಎಂದಳು ಒಂದು ದಿನ. "ಬೇಜಾರಾಯ್ತಾ?"

ಆ ಮಳೆಗಾಲದ ಮೋಡದಲ್ಲಿ ಯಂತ್ರ ನಿಂತಿತು. ಬಿಸಿನೀರಿನ ಚೀಲಕ್ಕೂ ಬಗ್ಗಲಿಲ್ಲ. ಫ್ಯಾನಿಲ್ಲದೆ ಓಡಿದ ದಿನಗಳಲ್ಲಿ ಒಳಗೆ ಎಷ್ಟು ಸುಟ್ಟಿತ್ತೋ, ಬಿಚ್ಚಿದಾಗ ಕೆಪಾಸಿಟರುಗಳು ತಲೆ ಉಬ್ಬಿಸಿಕೊಂಡು ಅಂಟು ಕಾರಿಕೊಂಡು ಕೂತಿದ್ದವು. ಸಾದಿಕ್ ಡಬ್ಬವನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡ. ಅಕ್ಕ ಬಟ್ಟೆ ಕಟ್ಟಿಕೊಂಡು ತೆರಕಣಾಂಬಿಯ ಮೇಲೆ ಬರುವ ಬಸ್ಸಿನಲ್ಲಿ ನನ್ನ ಜೊತೆ ಚಾಮರಾಜನಗರಕ್ಕೆ ಬಂದಳು.

ನಮ್ಮ ಮನೆಯಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ ಎಂದು ಬರೆಯಬೇಕೆನ್ನಿಸುತ್ತದೆ. ದಿನಚರಿಯಲ್ಲಿ ಹಾಗೆಯೇ ಬರೆದಿದ್ದೇನೆ. ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸುವ ಯಂತ್ರ ಮೊದಲಿಗಿಂತ ಒಳ್ಳೆಯ ಅಂಕಿ ತೋರಿಸುತ್ತಿತ್ತು. ಆದರೆ ಅಂಕಿ ಏರಿದಷ್ಟೂ ಅವಳು ಇಳಿಯುತ್ತಿದ್ದಳು. ಕುರ್ಚಿಯ ಅಂಚಿಗೆ, ಹೊರಡುವ ನೆಂಟರು ಕೂರುವ ಹಾಗೆ ಕೂರುತ್ತಿದ್ದಳು. ಟಿವಿ ಹಾಕಿದರೆ ನೋಡುತ್ತಿದ್ದಳು, ಆರಿಸಿದರೆ ಆರಿದ ಟಿವಿಯನ್ನೂ ಅದೇ ಮುಖದಲ್ಲಿ ನೋಡುತ್ತಿದ್ದಳು. ಗುಂಡ್ಲುಪೇಟೆಯಿಂದ ಆಗಾಗ ಫೋನು ಬರುತ್ತಿತ್ತು, ಮೊಮ್ಮಗ ಹುಟ್ಟಿದ್ದಾನೆ, ಅಂಗಡಿ ಯಾವಾಗ ತೆಗೀತೀರಿ ಎಂದು. ಅವಳು ನನ್ನ ಎದುರಿಗೇ, "ನಮ್ಮ ತಮ್ಮನ್ನ ಕೇಳ್ಬೇಕು," ಎನ್ನುತ್ತಿದ್ದಳು. ಕೊಂಕಿಲ್ಲದೆ ಹೇಳುತ್ತಿದ್ದಳು, ಅದೇ ಚುಚ್ಚುತ್ತಿತ್ತು.

ಒಂದು ಮಧ್ಯಾಹ್ನ ಸಾದಿಕ್ ನನಗೆ ಫೋನು ಮಾಡಿದ. ಮೈಸೂರಿನ ಗುಜರಿಯಲ್ಲಿ ಅದೇ ಕಾಲದ, ಬಳಸದೆ ಉಳಿದ ಎಸ್ಸೆಂಪಿಎಸ್ ಒಂದು ಸಿಕ್ಕಿದೆ. ಹಾಕಿ ನೋಡಿದ್ದಾನೆ, ಒಂದೇ ಏಟಿಗೆ ಹತ್ತಿಕೊಂಡಿದೆ.

"ಅಕ್ಕಂಗೆ ಹೇಳ್ಲಾ ಸಾರ್, ನೀವೇ ಹೇಳ್ತೀರಾ?" ಎಂದ. ಆಮೇಲೆ ದನಿ ತಗ್ಗಿಸಿ, "ಇಲ್ಲಾ ಇಬ್ರೂ ಸುಮ್ಕಿರನಾ?" ಎಂದ.

ಅವನು ನಿಜವಾಗಿ ಕೇಳಿದ್ದು ಆ ಕೊನೆಯದನ್ನೇ ಎಂದು ಇಬ್ಬರಿಗೂ ಗೊತ್ತಿತ್ತು. ನಾವು ಸುಮ್ಮನಿದ್ದರೆ ಅವಳಿಗೆ ಎಂದೂ ತಿಳಿಯುವುದಿಲ್ಲ. ಯಂತ್ರ ಸತ್ತಿದೆ, ಅವಳು ಮಾತು ಉಳಿಸಿಕೊಂಡಿದ್ದಾಳೆ, ಅಂಕಿ ಚೆನ್ನಾಗಿದೆ. ಹೇಳಿದರೆ ಅವಳು ಹೋಗುತ್ತಾಳೆ, ಮತ್ತು ಅಲ್ಲಿ ಬೇಗ ಮುಗಿದುಹೋಗುತ್ತಾಳೆ. ಮೈಸೂರಿನ ಡಾಕ್ಟರಮ್ಮನಿಗೆ ಫೋನು ಹಚ್ಚಿದೆ. ಅವರು, "ಎಲ್ಲಿದ್ದರೂ ಪೈಪ್ ತೆಗೆಯಬಾರದು. ಎಲ್ಲಿರಬೇಕು ಅನ್ನೋದನ್ನ ಮಾತ್ರ ನನ್ನ ಕೇಳಬೇಡಿ," ಎಂದರು. ಕಾಲೇಜಿನಿಂದ ನೇರ ಮನೆಗೆ ಬರದೆ ಸಂತೆ ಮಾಳದವರೆಗೂ ನಡೆದೆ. ಏನೇನು ಯೋಚಿಸಿದೆ ಎಂದು ಈಗ ಬರೆಯಹೊರಟರೆ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಂಡುಬಿಡುತ್ತೇನೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ ಎಂಬುದಷ್ಟೇ ಖಚಿತ.

ಅಕ್ಕ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು, "ಫ್ಯಾನ್ ಅದಾ ಅದ್ರಲ್ಲಿ?" ಎಂದಳು.

"ಇದೆ. ಆದರೆ ಸದ್ದು ಮಾಡಲ್ವಂತೆ."

ಅವಳು ಸೆರಗನ್ನು ಎದೆಯ ಮೇಲೆ ಸರಿಮಾಡಿಕೊಂಡಳು. ಆ ಹೊತ್ತಿನಲ್ಲಿ ಅವಳು ಏನನ್ನು ತೂಗಿ ನೋಡುತ್ತಿದ್ದಳೆಂದು ನನಗೆ ಗೊತ್ತಿತ್ತು. ಇನ್ನು ಅಂಗಡಿಗೆ ಬಂದವರಿಗೆಲ್ಲ ಅವಳ ಎದೆ ಕೇಳಿಸುತ್ತದೆ. ಕಂಡವರೆಲ್ಲ ಕನಿಕರಿಸುತ್ತಾರೆ, ವಿಚಾರಿಸುತ್ತಾರೆ, ಕಷಾಯ ಹೇಳುತ್ತಾರೆ.

"ಕೇಳುಸ್ಕಳ್ಳಿ," ಎಂದಳು ಕೊನೆಗೆ. "ನಾಳೆ ಹೋಗನ."

ಈಗ ಆಕ್ಸಿಜನ್ ಯಂತ್ರವೂ ಅಂಗಡಿಯಲ್ಲೇ ಇದೆ, ಕಂಪ್ಯೂಟರಿನ ಪಕ್ಕ. ಏಣಿ ಹತ್ತುವ ಕೆಲಸ ತಪ್ಪಿದೆ. ಸಾದಿಕನ ಹೆಂಡತಿ ಮಧ್ಯಾಹ್ನ ಬಂದು ನೋಡಿಕೊಂಡು ಹೋಗುತ್ತಾಳೆ. ರಜೆಯ ದಿನ ನಾನು ಹೋಗುತ್ತೇನೆ. ಕಳೆದ ಸಲ ಹೋದಾಗ ಪುಣಜನೂರಿನ ಕಡೆಯ ಒಬ್ಬ ಅಜ್ಜಿ, ಮಗಳು ಮತ್ತು ಬಟ್ಟೆಯಲ್ಲಿ ಸುತ್ತಿದ ಮೊಮ್ಮಗಳ ಜೊತೆ ಕೂತಿದ್ದಳು. ಜಾತಕ ಅರ್ಧ ಹೊಡೆದಿತ್ತು, ಕರೆಂಟು ಹೋಯಿತು. ಅಂಗಡಿಯ ಇನ್ವರ್ಟರ್ ಎರಡು ಯಂತ್ರದ ಭಾರ ತಾಳಲಾರದೆ ಕೂಗತೊಡಗಿತು. ಒಂದನ್ನು ತೆಗೆಯಲೇಬೇಕು. ನಾನು ಕಂಪ್ಯೂಟರಿನ ಪ್ಲಗ್ಗಿಗೆ ಕೈ ಹಾಕಿದೆ.

"ಅದಲ್ಲ," ಎಂದಳು ಅಕ್ಕ. ಮೂಗಿನ ಪೈಪನ್ನು ತೆಗೆದು ಕೊರಳಿಗೆ ಹಾಕಿಕೊಂಡು, ತನ್ನ ಯಂತ್ರದ ಸ್ವಿಚ್ಚನ್ನು ತಾನೇ ಆರಿಸಿದಳು. "ಮಗೀದು ಮುಗೀಲಿ."

ಪ್ರಿಂಟರ್ ನಿಂತು ನಿಂತು ಹೊಡೆಯುತ್ತಿತ್ತು. ನಡುನಡುವೆ ಅಕ್ಕನ ಎದೆಯ ಸದ್ದು ಎಲ್ಲರಿಗೂ ಕೇಳಿಸಿತು. ಅಜ್ಜಿ ಕೇಳಿಸಿಕೊಂಡು, ಮರೆಮಾಚದೆ ಕೇಳಿಯೇಬಿಟ್ಟಳು.

"ನಿನ್ನ ಜಾತ್ಕ ನೋಡ್ಕಂಡಿಲ್ವಾ ತಾಯಿ? ಎಷ್ಟ್ ದಿನ ಅಂತ ಬಂದದೆ?"

"ನಾ ಹುಟ್ಟಿದ ಹೊತ್ತು ಹೇಳೋರು ಯಾರೂ ಉಳ್ದಿಲ್ಲ ಕಣಜ್ಜಿ," ಎಂದಳು ಅಕ್ಕ, ಕಾಗದ ಹರಿಯುತ್ತ. "ಬಚಾವಾದೆ."

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. ಅಕ್ಕನೂ ನಕ್ಕಳು, ಕೆಮ್ಮಿದಳು, ನಾಲ್ಕು ಮೂಲೆಗೆ ಅರಿಸಿನ ಹಚ್ಚಿ ಮಡಚಿ ಕೊಟ್ಟಳು. ಅವರು ಹೋದ ಮೇಲೆ ಕರೆಂಟು ಬಂತು. ಅವಳು ಪೈಪು ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತು, ರೂಢಿಯಂತೆ ಬಾಗಿಲ ಕಡೆ ನೋಡದೆಯೇ ಕರೆದಳು.

"ಮುಂದಿನೋರು ಯಾರು, ಬನ್ನಿ."

ಅಂಗಡಿಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ನಾನು ಹೋಗಿ ಗಿರಾಕಿಯ ಸ್ಟೂಲಿನ ಮೇಲೆ ಕೂತೆ. ಅವಳು ನನ್ನನ್ನು ನೋಡಿದಳು. ಕೀಬೋರ್ಡಿನ ಕಡೆ ತಿರುಗಿ ನನ್ನ ಹೆಸರು ಒತ್ತಿದಳು, ಹರದನಹಳ್ಳಿ ಎಂದು ಒತ್ತಿದಳು, ದಿನ ಒತ್ತಿದಳು.

"ಹೊತ್ತು ನನಗೂ ಗೊತ್ತಿಲ್ಲವಲ್ಲ ಅಕ್ಕ," ಎಂದೆ. ಅಪ್ಪ ಎಂದೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ನಂಗೊತ್ತು ಕಣ್ಲಾ. ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಅವ್ವ ಕೂಗ್ತಿದ್ಲು. ಸಾಯಂಕಾಲದ ಬಸ್ಸು ರೋಡಿಗೆ ಬಂದು ಹಾರನ್ ಹೊಡೀತು, ನೀನು ಅತ್ತೆ. ಬಸ್ ಮೊದ್ಲಾ ನೀನು ಮೊದ್ಲಾ ಅಂತ ಮಾತ್ರ ಕೇಳ್ಬ್ಯಾಡ."

ಅವಳ ಬೆರಳು ಗಂಟೆಯನ್ನು ಒತ್ತಿತು, ನಿಮಿಷವನ್ನೂ ಒತ್ತಿತು, ಒಂದಿಷ್ಟೂ ತಡವರಿಸದೆ. ಪ್ರಿಂಟರ್ ಅರಚಲು ಶುರುಮಾಡಿತು. ನಾನು ಲೋಕಕ್ಕೆ ಬಂದ ಹೊತ್ತನ್ನು ಬಲ್ಲವರು ಇನ್ನು ಅವಳೊಬ್ಬಳೇ, ಅದಕ್ಕೆ ಸಾಕ್ಷಿ ಒಂದು ಬಸ್ಸು. ನಮ್ಮ ಕಡೆಯ ಬಸ್ಸು ಹೊತ್ತಿಗೆ ಸರಿಯಾಗಿ ಬಂದದ್ದನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ. ಅವತ್ತಾದರೂ ಸರಿಯಾಗಿ ಬಂದಿತ್ತೇ ಎಂಬ ಪ್ರಶ್ನೆ ಬಾಯಿಯ ತನಕ ಬಂತು. ಬಂದಿತ್ತು ಎಂದೇ ಇಟ್ಟುಕೊಂಡೆ.